‘ಕರೆಂಟ್ಸ್’ ಕೇಳಿದವರ ಮಾತು ಒಂದಕ್ಕೊಂದು ಯಾಕೆ ಕೂಡುವುದಿಲ್ಲ?

ಆಸ್ಟ್ರೇಲಿಯಾದ ಸಂಗೀತ ತಂಡ ಟೇಮ್ ಇಂಪಾಲಾದ ಮೂರನೇ ಆಲ್ಬಂ ‘ಕರೆಂಟ್ಸ್’ ಹೊರಬಂದದ್ದು 2015ರ ಜುಲೈ 17ರಂದು. ಹತ್ತು ವರ್ಷ ದಾಟಿದರೂ ಅದರ ಬಗೆಗಿನ ವಾದ ಆರಿಲ್ಲ. ಕೇಳುವವರ ಅರಿವನ್ನೇ ಕಲಕಲು ಹವಣಿಸುವ ಈ ಕಾಲದ ಸೈಕೆಡೆಲಿಕ್ ಪಾಪ್‌ನಲ್ಲಿ ಇದನ್ನು ಮೀರಿಸಿದ್ದಿಲ್ಲ ಎಂದು ಕೆಲವರು ಎದೆ ತಟ್ಟಿ ಹೇಳುತ್ತಾರೆ. ಒಳ್ಳೆಯ ರಾಕ್ ತಂಡವೊಂದು ಕೈತಪ್ಪಿ ಹೋದದ್ದು ಇಲ್ಲಿಂದಲೇ ಎಂದು ಇನ್ನು ಕೆಲವರು ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಮೊದಲ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದವರೇ ಎಂಟನೆಯದು ಬಂದ ತಕ್ಷಣ ಮುಂದಿನದಕ್ಕೆ ಹೋಗಿಬಿಡುತ್ತಾರೆ.

ಇವರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಹೊರಟರೆ ದಾರಿ ಸಾಗುವುದಿಲ್ಲ. ಇವರೆಲ್ಲ ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ. ಒಬ್ಬರು ಹಿಂದಿನ ಆಲ್ಬಂ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಮತ್ತೊಬ್ಬರು ಕಿವಿಗೆ ಬಿದ್ದ ಧ್ವನಿಯ ಗುಣವನ್ನು ನೋಡುತ್ತಾರೆ. ಇನ್ನೊಬ್ಬರಿಗೆ ಹಾಡಿನೊಳಗೆ ಮಾತಾಡುತ್ತಿರುವ ಗಂಡಸು ಹಿಡಿಸಿಲ್ಲ. ಮಗದೊಬ್ಬರಿಗೆ ಈ ಸಂಗೀತ ಎಲ್ಲರ ಬಾಯಲ್ಲೂ ಬಂದದ್ದೇ ಬೇಸರ. ಹೊರಗೆ ಬರುವಾಗ ಮಾತ್ರ ಎಲ್ಲವೂ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡೇ ಮಾತಾಗಿ ಬರುತ್ತವೆ. ಆ ಎರಡು ಮಾತಿನ ಹಿಂದೆ ಯಾವ ಪ್ರಶ್ನೆ ಇತ್ತು ಎಂದು ಬಿಡಿಸಿ ನೋಡುವುದೇ ಈ ಲೇಖನದ ಕೆಲಸ.

ತಂಡ ಎನ್ನುವುದು ಒಬ್ಬನೇ

ಹೊಸದಾಗಿ ಕೇಳುವವರಿಗೆ ಮೊದಲು ತಿಳಿದಿರಬೇಕಾದ ಸಂಗತಿ ಇದು: ಟೇಮ್ ಇಂಪಾಲಾ ವೇದಿಕೆಯ ಮೇಲೆ ತಂಡ, ಸ್ಟುಡಿಯೋದಲ್ಲಿ ಬಹುಮಟ್ಟಿಗೆ ಒಬ್ಬನೇ. ಆತ ಕೆವಿನ್ ಪಾರ್ಕರ್. ‘ಕರೆಂಟ್ಸ್’ ಅನ್ನು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿರುವ ತನ್ನ ಮನೆಯ ಸ್ಟುಡಿಯೋದಲ್ಲಿ ಆತನೇ ಬರೆದು, ನುಡಿಸಿ, ಹಾಡಿ, ರೆಕಾರ್ಡ್ ಮಾಡಿದ. ಮೊದಲ ಎರಡು ಆಲ್ಬಂಗಳಾದ ‘ಇನ್ನರ್‌ಸ್ಪೀಕರ್’ (2010) ಮತ್ತು ‘ಲೋನರಿಸಂ’ (2012) ಇವುಗಳ ಮಿಕ್ಸಿಂಗ್ (ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿಗಳನ್ನು ಹದವಾಗಿ ಕೂಡಿಸುವ ಕೆಲಸ) ಮಾಡಿದವರು ಡೇವ್ ಫ್ರಿಡ್‌ಮನ್. ಫ್ಲೇಮಿಂಗ್ ಲಿಪ್ಸ್ ತಂಡದ ಜೊತೆ ದೀರ್ಘಕಾಲ ದುಡಿದ, ದಟ್ಟವಾದ ಒರಟು ಧ್ವನಿಗೆ ಹೆಸರಾದ ಕೈ ಅದು. ‘ಕರೆಂಟ್ಸ್’ನಲ್ಲಿ ಮಿಕ್ಸಿಂಗ್ ಕೂಡ ಪಾರ್ಕರ್‌ನದೇ.

ಕೇಳುಗರ ಎಷ್ಟೋ ಅಭಿಪ್ರಾಯಗಳ ಬೇರು ಈ ಒಂದು ಬದಲಾವಣೆಯಲ್ಲಿದೆ. ‘ಲೋನರಿಸಂ’ನಲ್ಲಿ ವಾದ್ಯಗಳು ಒಂದರ ಮೇಲೊಂದು ಚೆಲ್ಲಿಕೊಂಡು, ಡ್ರಮ್ಸ್‌ನ ಸಿಂಬಲ್‌ಗಳು ಎಲ್ಲವನ್ನೂ ತೊಯ್ಯಿಸುತ್ತಿದ್ದವು. ‘ಕರೆಂಟ್ಸ್’ನಲ್ಲಿ ಡ್ರಮ್ಸ್ ಬಿಗಿ, ಬೇಸ್ ಮುಂದೆ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಒಂದೊಂದು ಸಿಂಥಸೈಜರ್‌ಗೂ ಅದರದೇ ಜಾಗ. ‘ತುಂಬ ಶುಭ್ರ, ಉಸಿರೇ ಇಲ್ಲ’ ಎಂದು ದೂರುವವರೂ ‘ಪ್ರತಿಯೊಂದೂ ಕನ್ನಡಿಯಂತೆ ಕೇಳುತ್ತದೆ’ ಎಂದು ಮೆಚ್ಚುವವರೂ ಮಾತಾಡುತ್ತಿರುವುದು ಒಂದೇ ವಿಷಯದ ಬಗ್ಗೆ. ಕೇಳಿಸಿದ್ದರಲ್ಲಿ ಇವರಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ, ಬೇಕಾಗಿದ್ದುದರಲ್ಲಿ ಇದೆ. ಇಂಥ ಎರಡು ಅಭಿಪ್ರಾಯಗಳನ್ನು ಒಂದರ ವಿರುದ್ಧ ಇನ್ನೊಂದು ಎಂದು ಓದದೆ ಜೋಡಿಯಾಗಿ ಓದಿದರೆ ಆಲ್ಬಂ ಹೇಗಿದೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ.

ಗಿಟಾರ್ ಹೋದರೆ ಸೈಕೆಡೆಲಿಕ್ ಉಳಿಯುತ್ತದೆಯೇ?

ಎಲ್ಲಕ್ಕಿಂತ ದೊಡ್ಡ ಜಗಳ ಇದರದ್ದು. ಇದು ಸೈಕೆಡೆಲಿಕ್ ಅಲ್ಲವೇ ಅಲ್ಲ, ಸಿಂಥ್ ಪಾಪ್ ಎನ್ನುವವರಿದ್ದಾರೆ. ಈ ಮಾತನ್ನು ತೂಗಿ ನೋಡಬೇಕಾದರೆ ಸೈಕೆಡೆಲಿಕ್ ಸಂಗೀತ ಹುಟ್ಟಿದ ಜಾಗಕ್ಕೆ ಹೋಗಬೇಕು.

1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ಲಂಡನ್ನಿನ ಸ್ಟುಡಿಯೋವೊಂದರಲ್ಲಿ ‘ಟುಮಾರೋ ನೆವರ್ ನೋಸ್’ ರೆಕಾರ್ಡ್ ಮಾಡಿದರು. ಆ ಹಾಡಿನ ಬೆನ್ನೆಲುಬು ತಂಬೂರಿಯ ಶ್ರುತಿ ಮತ್ತು ಒಂದೇ ಬಗೆಯಲ್ಲಿ ಬಡಿಯುವ ಡ್ರಮ್ಸ್. ಮೇಲೆ ತೇಲುವುದೆಲ್ಲ ಟೇಪಿನ ತುಂಡುಗಳನ್ನು ಸುತ್ತುಗಟ್ಟಿ ತಿರುಗಿಸಿ ಪಡೆದ ಸದ್ದುಗಳು. ಜಾನ್ ಲೆನನ್ ಅವರ ದನಿಯನ್ನು ಆರ್ಗನ್ ವಾದ್ಯಕ್ಕೆಂದು ಮಾಡಿದ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಲಾಯಿತು. ಅದೇ ವರ್ಷ ಅದೇ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್, ಒಮ್ಮೆ ಹಾಡಿದ ದನಿ ಎರಡು ಸಲ ಹಾಡಿದಂತೆ ಕೇಳಿಸುವ ಟೇಪ್ ತಂತ್ರವೊಂದನ್ನು ರೂಪಿಸಿದರು. ಆರಂಭದಿಂದಲೇ ಸೈಕೆಡೆಲಿಕ್ ಪಾಪ್ ಸ್ಟುಡಿಯೋವನ್ನೇ ವಾದ್ಯ ಮಾಡಿಕೊಂಡಿತ್ತು. ಗಿಟಾರ್ ಅದರೊಳಗಿನ ಒಂದು ಭಾಗ, ಅಷ್ಟೇ.

ಹಾಗಾಗಿ ಕೇಳುಗರಲ್ಲಿ ಎರಡು ಅಳತೆಗೋಲುಗಳಿವೆ. ಯಾವ ವಾದ್ಯ ನುಡಿಯುತ್ತಿದೆ ಎಂಬುದು ಒಂದು. ಕೇಳುವವನ ಕಾಲ, ಜಾಗ, ದಿಕ್ಕಿನ ಅರಿವಿಗೆ ಏನಾಗುತ್ತಿದೆ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ನಿಜವಾದ ಅಳತೆ. ಅದರಲ್ಲಿ ಅಳೆದರೆ ‘ಕರೆಂಟ್ಸ್’ ಪಾರ್ಕರ್ ಮಾಡಿದ ಅತ್ಯಂತ ಸೈಕೆಡೆಲಿಕ್ ಕೆಲಸ.

ಮೊದಲ ಹಾಡು ‘ಲೆಟ್ ಇಟ್ ಹ್ಯಾಪನ್’ ಅನ್ನೇ ನೋಡಿ. ಎಂಟು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅರ್ಧ ದಾರಿಯಲ್ಲಿ ಹಾಡು ಸಿಕ್ಕಿಹಾಕಿಕೊಂಡು, ಗೀಚಿದ ಸಿ.ಡಿ. ಎಡವಿದ ಹಾಗೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಕೇಳುವವರು ಫೋನ್ ಕೆಟ್ಟಿತೋ, ನೆಟ್‌ವರ್ಕ್ ಹೋಯಿತೋ ಎಂದು ನೋಡಿಕೊಳ್ಳುವುದು ಸಹಜ. ತುಣುಕಿನ ಉದ್ದ ಬದಲಾಗುತ್ತ ಹೋದಂತೆ ಇದು ಬೇಕೆಂದೇ ಮಾಡಿದ್ದು ಎಂಬುದು ಹೊಳೆಯುತ್ತದೆ. ಆಮೇಲೆ ಯಂತ್ರದಿಂದ ಹಾಯಿಸಿದ, ಪದವೋ ಬರೀ ಉಲಿಯೋ ಎಂದು ಹೇಳಲಾಗದ ದನಿ, ಕೊನೆಗೆ ಗಿಟಾರ್. ಹೌದು, ಗಿಟಾರ್ ಹೋಗಿಯೇ ಇಲ್ಲ, ಮುಂದಿನ ಸಾಲಿನಿಂದ ಹಿಂದೆ ಸರಿದಿದೆ. ತನ್ನ ಕಿವಿಯನ್ನೇ ಒಂದು ಕ್ಷಣ ನಂಬದಂತೆ ಮಾಡುವ ಹಾಡನ್ನು ಸೈಕೆಡೆಲಿಕ್ ಅಲ್ಲ ಎನ್ನುವುದು ನನಗೆ ಸಾಧ್ಯವಿಲ್ಲ.

ಈ ಬಗೆಯ ಸಂಗೀತದ ಚರ್ಚೆಯಲ್ಲಿ ಪದೇ ಪದೇ ಬರುವ ಎರಡು ಹೆಸರುಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಂದು ಫೇಸರ್. ಬಂದ ಧ್ವನಿಯನ್ನು ಅದು ಎರಡಾಗಿ ಒಡೆಯುತ್ತದೆ. ಒಂದನ್ನು ಇದ್ದಹಾಗೇ ಬಿಟ್ಟು, ಇನ್ನೊಂದರ ಅಲೆಗಳ ಏರಿಳಿತವನ್ನು ಸ್ವಲ್ಪ ಹಿಂದುಮುಂದು ಸರಿಸಿ, ಮತ್ತೆ ಎರಡನ್ನೂ ಕೂಡಿಸುತ್ತದೆ. ಕೂಡಿದಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗೆ ಅಳಿಸಿಹೋಗುವ ಜಾಗ ನಿಧಾನವಾಗಿ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಕಿವಿಗೆ ಅದು ಧ್ವನಿ ತಿರುಚಿಕೊಂಡು, ಈಜಿಕೊಂಡು ಹೋದಂತೆ ಕೇಳುತ್ತದೆ. ಪಾರ್ಕರ್‌ನ ಸಂಗೀತದ ಒದ್ದೆ ಒದ್ದೆ ಅನುಭವಕ್ಕೆ ಇದು ದೊಡ್ಡ ಕಾರಣ.

ಇನ್ನೊಂದು ಕಂಪ್ರೆಷನ್. ಜೋರಾದ ಸದ್ದನ್ನು ಇದು ಅದುಮಿ ತಗ್ಗಿಸುತ್ತದೆ. ಆಮೇಲೆ ಇಡೀ ಮಟ್ಟವನ್ನು ಮೇಲೆತ್ತಿದಾಗ ಮೆಲ್ಲನೆಯ ಸದ್ದುಗಳೂ ಮುಂದೆ ಬರುತ್ತವೆ. ಡ್ರಮ್ ಮೇಲೆ ಹೊಡೆತ ಬಿದ್ದ ಮೇಲಿನ ಗುಂಯ್‌ಗುಡುವಿಕೆ ಹೊಡೆತದಷ್ಟೇ ದೊಡ್ಡದಾಗುತ್ತದೆ. ಇದನ್ನು ಧಾರಾಳವಾಗಿ ಬಳಸುವುದು ಪಾರ್ಕರ್‌ನ ಗುರುತು. ಮೂಲತಃ ಆತ ಡ್ರಮ್ಸ್ ಮೇಲೆ ಪ್ರಾಣವಿಟ್ಟ ಸಂಗೀತಗಾರ. ‘ಗಂಟೆಗಟ್ಟಲೆ ಕೇಳಿದರೆ ಕಿವಿ ದಣಿಯುತ್ತದೆ’ ಎಂಬ ದೂರು ಬಂದರೆ ಅದರ ಹಿಂದೆ ಇರುವುದು ಬಹುಶಃ ಕಂಪ್ರೆಷನ್. ಜೋರಿಗೂ ಮೆಲ್ಲಗೂ ಇರುವ ಅಂತರ ಕಡಿಮೆಯಾದಾಗ ಕಿವಿಗೆ ವಿಶ್ರಾಂತಿಯ ಜಾಗವೂ ಕಡಿಮೆಯಾಗುತ್ತದೆ. ಈ ದೂರನ್ನು ಕೇವಲ ರುಚಿಭೇದ ಎಂದು ತಳ್ಳಿಹಾಕಬಾರದು, ಅದಕ್ಕೆ ಕಾರಣ ಧ್ವನಿಯಲ್ಲೇ ಇದೆ.

ಇಲ್ಲೇ ಇನ್ನೊಂದು ಮಾತು ಸೇರಿಸುತ್ತೇನೆ. ಯಾವುದರಲ್ಲಿ ಕೇಳಿದರು ಎಂದು ಹೇಳದ ಅಭಿಪ್ರಾಯ ಅರ್ಧ ಮಾತ್ರ. ಈ ಆಲ್ಬಂನ ‘ದ ಲೆಸ್ ಐ ನೋ ದ ಬೆಟರ್’ ಹಾಡು ನಿಂತಿರುವುದೇ ಬೇಸ್ ರಾಗದ ಮೇಲೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿನಿಂದ ಅಷ್ಟು ಕೆಳಗಿನ ಸ್ವರ ಹೊರಡುವುದೇ ಇಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಆ ಸ್ವರವನ್ನು ಊಹಿಸಿಕೊಳ್ಳುತ್ತದೆ. ರಾಗ ತಿಳಿಯುತ್ತದೆ, ಭಾರ ತಿಳಿಯುವುದಿಲ್ಲ. ಎಡಕಿವಿಯಿಂದ ಬಲಕಿವಿಗೆ ಸರಿದಾಡುವ ಧ್ವನಿ ಕೂಡ ಅಲ್ಲಿ ಸತ್ತುಹೋಗುತ್ತದೆ. ಸೈಕೆಡೆಲಿಕ್ ಸಂಗೀತಕ್ಕೆ ಬೇರೆ ಯಾವ ಪ್ರಕಾರಕ್ಕಿಂತಲೂ ಇದರಿಂದ ನಷ್ಟ ಹೆಚ್ಚು.

ಹಿಂದಿನದರ ನೆರಳು

‘ಲೋನರಿಸಂ’ನ ‘ಎಲಿಫೆಂಟ್’ ಹಾಡಿನ ಗಿಟಾರ್ ಕೇಳಿ ಬಂದವರಿಗೆ ‘ಕರೆಂಟ್ಸ್’ ಒಂದು ಅಗಲಿಕೆ. ‘ದ ಲೆಸ್ ಐ ನೋ ದ ಬೆಟರ್’ ಕೇಳಿ ಬಂದವರಿಗೆ ಅದೇ ಆರಂಭ. ಒಬ್ಬರಿಗೆ ಕಳೆದುಹೋದದ್ದು ಕೇಳಿಸುತ್ತದೆ, ಇನ್ನೊಬ್ಬರಿಗೆ ಇರುವುದು ಕೇಳಿಸುತ್ತದೆ. ಒಂದು ಅಭಿಪ್ರಾಯ ಓದುವಾಗ ಬರೆದವರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂದು ಹುಡುಕಿ. ಉಳಿದದ್ದನ್ನು ಹೆಚ್ಚುಕಡಿಮೆ ನೀವೇ ಊಹಿಸಬಹುದು.

ಪಾರ್ಕರ್ ಈ ತಿರುವನ್ನು ಬಚ್ಚಿಟ್ಟಿರಲಿಲ್ಲ. ತನ್ನ ಸಂಗೀತ ಡ್ಯಾನ್ಸ್ ಕ್ಲಬ್ಬುಗಳಲ್ಲಿ, ಜನ ಒಟ್ಟಾಗಿ ಸೇರುವ ಕಡೆ ಕೇಳಿಸಬೇಕೆಂಬ ಆಸೆ ಇತ್ತೆಂದು ಆತ ಸಂದರ್ಶನಗಳಲ್ಲಿ ಹೇಳಿದ್ದಾನೆ. ಡಿಸ್ಕೋಗೆ ಹೆಸರಾದ ಬೀ ಜೀಸ್ ತಂಡದ ಹಾಡು ಕೇಳಿ ಒಮ್ಮೆ ಆಳವಾಗಿ ಕಲಕಿಹೋದದ್ದೂ ಈ ಆಲ್ಬಂಗೆ ಪ್ರೇರಣೆಯಾಯಿತು. ಒಬ್ಬನೇ ಕೂತು ಕೇಳುವ ಸಂಗೀತವೆಂದು ಟೇಮ್ ಇಂಪಾಲಾವನ್ನು ಎದೆಗೆ ಹಚ್ಚಿಕೊಂಡಿದ್ದವರಿಗೆ ಈ ಆಸೆ ನೋವು ಕೊಟ್ಟದ್ದು ನನಗೆ ಅರ್ಥವಾಗುತ್ತದೆ. ಆಲ್ಬಂನ ವಸ್ತುವೂ ಬದಲಾವಣೆಯೇ: ಸಂಬಂಧ ಮುಗಿಯುವುದು, ಬೇರೆಯವನಾಗುವುದು, ಆಗಲಾರದೇ ಹೋಗುವುದು. ರಾಬರ್ಟ್ ಬೀಟಿ ಬಿಡಿಸಿದ ನೇರಳೆ ಬಣ್ಣದ ಮುಖಪುಟದಲ್ಲೂ ಅದೇ ಇದೆ. ಹರಿಯುವ ದ್ರವಕ್ಕೆ ಒಂದು ವಸ್ತು ಅಡ್ಡ ಬಂದಾಗ ಅದರ ಹಿಂದೆ ಸಾಲುಸಾಲಾಗಿ ಸುಳಿಗಳು ಏಳುತ್ತವೆ. ಭೌತಶಾಸ್ತ್ರದ ಆ ಚಿತ್ರದಿಂದ ಹುಟ್ಟಿದ್ದು ಆ ಮುಖಪುಟ.

2020ರ ಫೆಬ್ರವರಿ 14ರಂದು ‘ದ ಸ್ಲೋ ರಷ್’ ಬಂದಾಗ ದೂರು ಉಲ್ಟಾ ಆಯಿತು: ಇದು ‘ಕರೆಂಟ್ಸ್’ನಂತಿಲ್ಲ! 2025ರ ಅಕ್ಟೋಬರ್‌ನಲ್ಲಿ ಬಂದ ‘ಡೆಡ್‌ಬೀಟ್’ ಇನ್ನಷ್ಟು ಕುಣಿತದ ಕಡೆ ವಾಲಿದಾಗಲೂ ಇದೇ ವಾದ ಎದ್ದಿತು. 2015ರಲ್ಲಿ ದ್ರೋಹ ಎನಿಸಿದ್ದ ಆಲ್ಬಂ ಈಗ ಪರಂಪರೆಯ ಜಾಗದಲ್ಲಿ ಕೂತಿತ್ತು. ಹೀಗಾಗುವುದು ಹೊಸದಲ್ಲ. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ 1966ರಲ್ಲಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಹತ್ತನೇ ಸ್ಥಾನದವರೆಗೆ ಮಾತ್ರ ಏರಿತು. ಕಡಲು, ಕಾರುಗಳ ಹಾಡಿಗೆ ಒಗ್ಗಿದ್ದವರಿಗೆ ಅದು ಆ ತಂಡದ್ದೆನಿಸಲಿಲ್ಲ. ಇಂದು ಅದನ್ನು ಬಿಟ್ಟು ಪಾಪ್ ಚರಿತ್ರೆ ಹೇಳಲು ಬರುವುದಿಲ್ಲ.

ಕಿವಿ ಪಳಗುವುದರ ಬಗ್ಗೆ ಮನಶ್ಶಾಸ್ತ್ರದಲ್ಲಿ ಗಟ್ಟಿಯಾದ ಕೆಲಸ ನಡೆದಿದೆ. 1968ರಲ್ಲಿ ರಾಬರ್ಟ್ ಝಯಾನ್ಸ್ ತೋರಿಸಿದ್ದು, ಅರ್ಥವಿಲ್ಲದ ಪದಗಳಾಗಲಿ ಗುರುತಿಲ್ಲದ ಮುಖಗಳಾಗಲಿ, ಪದೇ ಪದೇ ಎದುರಾದಷ್ಟೂ ನಮಗೆ ಹಿಡಿಸುತ್ತವೆ ಎಂದು. ಡೇನಿಯಲ್ ಬರ್ಲೈನ್ 1970ರ ದಶಕದಲ್ಲಿ ಇದಕ್ಕೊಂದು ಮಿತಿಯನ್ನು ಸೇರಿಸಿದರು: ತೀರಾ ಸರಳವಾದದ್ದು ಬೇಸರ ತರಿಸುತ್ತದೆ, ತೀರಾ ಸಂಕೀರ್ಣವಾದದ್ದು ದೂರ ತಳ್ಳುತ್ತದೆ, ಇಷ್ಟವಾಗುವುದು ನಡುವೆ ಎಲ್ಲೋ. ಕೇಳುತ್ತ ಹೋದಂತೆ ಸಂಕೀರ್ಣವಾದದ್ದು ಸರಳವಾಗುತ್ತದೆ. ಬಿಡುಗಡೆಯ ವಾರದಲ್ಲಿ ಬರೆದ ಮಾತಿಗೂ ಆರು ತಿಂಗಳ ಮೇಲಿನ ಮಾತಿಗೂ ಬರುವ ವ್ಯತ್ಯಾಸ ಇದರಿಂದ ಅರ್ಥವಾಗುತ್ತದೆ. ಮೊದಲ ಕೇಳ್ವಿಕೆಗೇ ಒಲಿದ ಹಾಡು ಬೇಗ ಸವೆಯುವುದೂ ಇದೇ ಕಾರಣಕ್ಕೆ ಇರಬಹುದು.

ಪಾರ್ಕರ್ ಕೆಲಸದಲ್ಲೇ ಇದಕ್ಕೆ ಸೊಗಸಾದ ನಿದರ್ಶನವಿದೆ. ‘ಬಾರ್ಡರ್‌ಲೈನ್’ ಹಾಡು 2019ರ ಏಪ್ರಿಲ್‌ನಲ್ಲಿ ಬಿಡಿಯಾಗಿ ಬಂತು. ‘ದ ಸ್ಲೋ ರಷ್’ನಲ್ಲಿ ಅದನ್ನು ತಿದ್ದಿ ಬೇರೆ ರೂಪದಲ್ಲಿ ಸೇರಿಸಲಾಯಿತು. ಹತ್ತು ತಿಂಗಳು ಹಳೆಯದನ್ನು ಕೇಳಿ ಪಳಗಿದ್ದ ಕಿವಿಗಳಿಗೆ ಹೊಸದು ತಪ್ಪಾಗಿ ಕೇಳಿಸಿತು, ಹಳೆಯದೇ ಮೇಲು ಎಂಬ ಕೂಗೆದ್ದಿತು. ಆಲ್ಬಂನಲ್ಲೇ ಮೊದಲ ಸಲ ಕೇಳಿದವರಿಗೆ ಯಾವ ಕೊರತೆಯೂ ಕಾಣಲಿಲ್ಲ. ಒಂದೇ ರಾಗ, ಒಂದೇ ಮಾತು, ಒಂದೇ ದನಿ. ಬೇರೆಯಾಗಿದ್ದುದು ಯಾವುದು ಮೊದಲು ಕಿವಿಗೆ ಬಿತ್ತು ಎಂಬುದು.

ಹಾಡಿನೊಳಗಿನ ಗಂಡಸು

ಧ್ವನಿಯನ್ನು ಮನಸಾರೆ ಮೆಚ್ಚಿಯೂ ಆಲ್ಬಂ ಜೊತೆ ಜಗಳವಾಡುವ ಒಂದು ಗುಂಪಿದೆ. ಅವರ ತಕರಾರು ‘ಕಾಸ್ ಐಯಾಮ್ ಎ ಮ್ಯಾನ್’ ಹಾಡಿನ ಬಗ್ಗೆ. ನಾನು ಗಂಡಸು, ಹಾಗಾಗಿ ಹೀಗೆ ನಡೆದುಕೊಂಡೆ ಎಂಬ ಧಾಟಿ ಕೆಲವರಿಗೆ ನೆಪ ಹೇಳಿದಂತೆ ಕೇಳಿತು. ಅದು ಗಂಡಸಿನ ದೌರ್ಬಲ್ಯವನ್ನೇ ಬಯಲು ಮಾಡುವ ಹಾಡು, ಸಮರ್ಥನೆಯಲ್ಲ ಎಂದು ಪಾರ್ಕರ್ ವಿವರಿಸಿದ್ದಾನೆ. ನನಗೆ ಎರಡೂ ಕಡೆ ನಿಜ ಕಾಣುತ್ತದೆ. ಅಷ್ಟು ಮೃದುವಾದ, ತೆಳ್ಳಗೆ ಮೇಲೇರಿದ ದನಿಯಲ್ಲಿ ಹಾಡಿದಾಗ ತನ್ನನ್ನು ತಾನು ಬಯ್ದುಕೊಳ್ಳುವುದೂ ಮುದ್ದಾಗಿ ಕೇಳುತ್ತದೆ, ಕೇಳುಗ ಕ್ಷಮಿಸಿಬಿಡುತ್ತಾನೆ. ಕ್ಷಮಿಸಲು ಮನಸ್ಸಿಲ್ಲದವರಿಗೆ ಆ ಮುದ್ದೇ ಅಡ್ಡಿ.

ಎಂಟನೆಯ ಹಾಡು ‘ಪಾಸ್ಟ್ ಲೈಫ್’ನ ಕತೆ ಬೇರೆ. ಕೃತಕವಾಗಿ ಕೆಳಕ್ಕಿಳಿಸಿದ ದನಿಯೊಂದು, ಹಳೆಯ ಪ್ರೇಮಿಯ ಮುಖ ಅಚಾನಕ್ಕಾಗಿ ಕಂಡದ್ದನ್ನು ಹಾಡದೆ ಮಾತಿನಲ್ಲಿ ಹೇಳುತ್ತದೆ. ಆಲ್ಬಂನಲ್ಲಿ ಜನ ಅತಿ ಹೆಚ್ಚು ಭಿನ್ನವಾಗಿ ಮಾತಾಡುವ ಹಾಡು ಇದು. ಇಡೀ ಆಲ್ಬಂ ನಯವಾಗಿ ತೇಲುತ್ತಿರುವಾಗ ಈ ಒಂದು ಕಡೆ ಕಾಲು ನೆಲಕ್ಕೆ ತಾಗುತ್ತದೆ. ಅದು ಬೇಕಿತ್ತು ಎನ್ನುವವರ ಪಕ್ಷ ನನ್ನದು.

ಎಲ್ಲರೂ ಮೆಚ್ಚಿದ್ದಾರೆ ಎಂಬ ಸುದ್ದಿ

‘ಕರೆಂಟ್ಸ್’ ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯದಕ್ಕೆ ಏರಿತು. ಆ ವರ್ಷದ ಆಸ್ಟ್ರೇಲಿಯಾದ ಅರಿಯಾ ಪ್ರಶಸ್ತಿಗಳಲ್ಲಿ ವರ್ಷದ ಆಲ್ಬಂ ಆಯಿತು. ಗ್ರ್ಯಾಮಿಗೆ ನಾಮನಿರ್ದೇಶನವೂ ಸಿಕ್ಕಿತು. 2020ರಲ್ಲಿ ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೋ ದಶಕದ ನೂರು ಹಾಡುಗಳಿಗಾಗಿ ಕೇಳುಗರಿಂದ ಮತ ಕೇಳಿದಾಗ ‘ದ ಲೆಸ್ ಐ ನೋ ದ ಬೆಟರ್’ ಮೊದಲ ಸ್ಥಾನ ಪಡೆಯಿತು.

ಇಂಥ ಸುದ್ದಿ ಮುಂದಿನ ಕೇಳುಗರ ಕಿವಿಯನ್ನು ಬದಲಿಸುತ್ತದೆಯೇ? ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. 14,000ಕ್ಕೂ ಹೆಚ್ಚು ಜನರಿಗೆ ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು ಕೊಟ್ಟರು. ಕೆಲವರಿಗೆ ಬರೀ ಹಾಡುಗಳು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪು ಮಾಡಿ, ಪ್ರತಿ ಗುಂಪಿಗೂ ತನ್ನವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂದು ತೋರಿಸಿದರು. ಬೇರೆಯವರ ಆಯ್ಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು. ಆದರೆ ಗೆದ್ದದ್ದು ಯಾವ ಹಾಡು ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಅತ್ಯುತ್ತಮವಾದವು ತೀರಾ ಸೋತದ್ದು ವಿರಳ, ತೀರಾ ಕಳಪೆಯವು ಹೆಚ್ಚಾಗಿ ಗೆಲ್ಲಲಿಲ್ಲ. ನಡುವಿನವುಗಳ ಗತಿ ಏನು ಬೇಕಾದರೂ ಆಗಬಹುದಿತ್ತು.

ಅಂದರೆ ‘ದ ಲೆಸ್ ಐ ನೋ ದ ಬೆಟರ್’ನ ಜನಪ್ರಿಯತೆಯಿಂದ ಅದು ತೀರಾ ಕೆಟ್ಟದ್ದಲ್ಲ ಎಂದು ತಿಳಿಯಬಹುದು. ಅದೇ ಆಲ್ಬಂನ ‘ರಿಯಾಲಿಟಿ ಇನ್ ಮೋಷನ್’ಗಿಂತ ಅಷ್ಟೊಂದು ಪಟ್ಟು ಮೇಲು ಎಂದು ತಿಳಿಯಲಾಗದು. ‘ಆಲ್ಬಂನ ಎರಡನೇ ಅರ್ಧ ಸೊರಗಿದೆ’ ಎಂಬ ಅಭಿಪ್ರಾಯವನ್ನು ನಾನು ಹುಷಾರಾಗಿ ಓದುವುದು ಇದಕ್ಕೇ. ಬಿಡಿಯಾಗಿ ಬಂದು, ಎಲ್ಲೆಡೆ ಕೇಳಿ ಪಳಗಿದ ಹಾಡುಗಳಲ್ಲಿ ಹೆಚ್ಚಿನವು ಏಳನೆಯದರೊಳಗೆ ಮುಗಿಯುತ್ತವೆ. ಸೊರಗಿದ್ದು ಹಾಡೋ, ಪರಿಚಯವೋ ಎಂಬುದನ್ನು ಆಲ್ಬಂನ ಕೊನೆಯ ನಾಲ್ಕು ಹಾಡುಗಳಿಂದಲೇ ಶುರುಮಾಡಿ ಕೇಳಿದರೆ ಪರೀಕ್ಷಿಸಬಹುದು.

ಇನ್ನೂ ಒಳ್ಳೆಯ ಪರೀಕ್ಷೆ ಕೊನೆಯ ಹಾಡಿನಲ್ಲಿದೆ. ‘ನ್ಯೂ ಪರ್ಸನ್, ಸೇಮ್ ಓಲ್ಡ್ ಮಿಸ್ಟೇಕ್ಸ್’ ಅನ್ನು ರಿಹಾನಾ 2016ರ ‘ಆಂಟಿ’ ಆಲ್ಬಂಗಾಗಿ ತಮ್ಮ ದನಿಯಲ್ಲಿ ಹಾಡಿದರು. ಹಿಂದಿನ ವಾದ್ಯಗಳೆಲ್ಲ ಬಹುತೇಕ ಪಾರ್ಕರ್ ಮಾಡಿದವೇ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ರಿಹಾನಾ ಹಾಡಿದ್ದು ಹಿಡಿಸಿ ಮೂಲ ಹಿಡಿಸದಿದ್ದರೆ ನಿಮ್ಮ ತಕರಾರು ಪಾರ್ಕರ್‌ನ ತೆಳುದನಿಯ ಬಗ್ಗೆ, ಸಿಂಥಸೈಜರ್ ಬಗ್ಗೆ ಅಲ್ಲ. ಎರಡೂ ಹಿಡಿಸದಿದ್ದರೆ ಅದು ವಾದ್ಯಸಂಯೋಜನೆಯ ಬಗ್ಗೆ. ಮೂಲವೇ ಮೇಲು ಎನಿಸಿದರೆ, ಆ ಹಾಡಿನಲ್ಲಿ ನಿಮಗೆ ಬೇಕಾಗಿದ್ದುದು ಆತ್ಮವಿಶ್ವಾಸದ ದನಿಯಲ್ಲ, ಹಿಂಜರಿಯುತ್ತ ತನ್ನೊಡನೆ ತಾನೇ ವಾದಿಸುವ ದನಿ.